ಆನ್‌ಲೈನ್ ಆಟದ ಖಾತೆಯ ಕಳವು ಮತ್ತು ಮರಳಿಕೆ

ಆನ್‌ಲೈನ್ ಆಟದ ಖಾತೆಯೊಂದು ಪರರ ಕೈಸೇರಿದಾಗ ಆಗುವ ನಷ್ಟ ಎರಡು ಬಗೆಯದು. ಖಾತೆಯೊಳಗೆ ಹೋಗಿಬರುವ ದಾರಿ ಮುಚ್ಚಿಹೋಗುವುದು ಒಂದು. ಒಳಗೆ ಕೂಡಿಟ್ಟಿದ್ದ ಸ್ಕಿನ್, ಆಯುಧ, ವೇಷ, ನಾಣ್ಯಗಳು ಕೈಬಿಡುವುದು ಇನ್ನೊಂದು. ಆಡುವವರ ಬಾಯಲ್ಲಿ ಎರಡಕ್ಕೂ ‘ಐಡಿ ಹೋಯ್ತು’ ಎಂಬ ಒಂದೇ ಮಾತು. ಪರಿಹಾರದ ದೃಷ್ಟಿಯಿಂದ ಮಾತ್ರ ಇವುಗಳ ನಡುವೆ ಬಹಳ ಅಂತರವಿದೆ. ದಾರಿ ಮತ್ತೆ ತೆರೆಸಿಕೊಳ್ಳುವ ಕ್ರಮವನ್ನು ಬಹುತೇಕ ಎಲ್ಲ ದೊಡ್ಡ ಕಂಪನಿಗಳೂ ಇಟ್ಟುಕೊಂಡಿವೆ. ಒಳಗಿನ ಸರಕು ಮರಳಿ ಬರುವುದು ಈಗಲೂ ಕಂಪನಿಯ ಮನಸ್ಸಿಗೆ ಬಿಟ್ಟದ್ದು. ಕಾನೂನಿನಲ್ಲಿ ಜಾಗವಿಲ್ಲದ್ದರಿಂದ ಹೀಗಾಗಿದೆ ಎಂಬುದು ಸಾಮಾನ್ಯ ನಂಬಿಕೆ. ಭಾರತದ ಮಟ್ಟಿಗೆ ಆ ನಂಬಿಕೆ ಸರಿಯಲ್ಲ. ಕಳವನ್ನು ಕಳವೆಂದು ಕರೆಯಲು ಬೇಕಾದ ಕಾನೂನು ನಮ್ಮಲ್ಲಿ ಆಗಲೇ ಇದೆ. ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಿಸಿದಂಥ ಕಾಲಮಿತಿ ಮತ್ತು ರುಜುವಾತಿನ ಹೊಣೆ ಆಟದ ಕಂಪನಿಗಳ ಮೇಲೆ ಬಿದ್ದಿಲ್ಲ ಎಂಬುದೇ ನಿಜವಾದ ಕೊರತೆ.

ಈ ಕೊರತೆಯನ್ನು ಅಳೆಯಲು ಮಹಾನಗರಕ್ಕಿಂತ ತಾಲ್ಲೂಕು ಕೇಂದ್ರವೇ ಒಳ್ಳೆಯ ಜಾಗ. ಮಹಾರಾಷ್ಟ್ರದ ಸಿಲ್ಲೋಡ್ ಅಂಥದೊಂದು ಊರು. ಛತ್ರಪತಿ ಸಂಭಾಜಿನಗರದಿಂದ, ಅಂದರೆ 2023ರವರೆಗಿನ ಔರಂಗಾಬಾದಿನಿಂದ, ಜಳಗಾವಿಗೆ ಹೋಗುವ ರಸ್ತೆಯಲ್ಲಿ ಅರವತ್ತು ಕಿಲೋಮೀಟರಿಗೂ ಮುಂದಕ್ಕೆ ಸಿಗುವ ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿಯ ಸೀಮೆ. ಅಜಂತಾ ಗ್ರಾಮ ಇದೇ ತಾಲ್ಲೂಕಿನದು. ನಿಜಾಮರ ಕಾಲದಲ್ಲಿ ಈ ಊರೂ ಕಲಬುರಗಿ, ಬೀದರ, ರಾಯಚೂರುಗಳೂ ಒಂದೇ ಸಂಸ್ಥಾನದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೇರೆಯಾದವು. ಆದರೂ ಐಡಿ ಕಳೆದುಕೊಂಡ ಸಿಲ್ಲೋಡಿನ ಹುಡುಗನೂ ಕಲಬುರಗಿ ಜಿಲ್ಲೆಯ ಸೇಡಂನ ಹುಡುಗನೂ ಇಂದು ಹಿಡಿಯಬೇಕಾದ ದಾರಿ ಒಂದೇ, ಎಡವುವ ಜಾಗಗಳೂ ಅವೇ.

ಕಳವಿನ ವಿಧಾನದಲ್ಲಿ ಹೆಚ್ಚಿನ ಕೈಚಳಕವೇನೂ ಇರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೋ ಯೂಟ್ಯೂಬ್ ವಿಡಿಯೊದ ಕೆಳಗೋ ಒಂದು ಲಿಂಕ್ ಬರುತ್ತದೆ: ಬಿಜಿಎಂಐ ಆಟದವರಿಗೆ ಪುಕ್ಕಟೆ ಯೂಸಿ ನಾಣ್ಯ, ಫ್ರೀ ಫೈರ್ ಆಟದವರಿಗೆ ಪುಕ್ಕಟೆ ಡೈಮಂಡ್. ಒತ್ತಿದರೆ ಆಟದ್ದೇ ಬಣ್ಣ, ಆಟದ್ದೇ ಚಿತ್ರಗಳಿರುವ ಪುಟ ತೆರೆದುಕೊಳ್ಳುತ್ತದೆ. ಯಾವ ಪೆಟ್ಟಿಗೆ ಬೇಕೆಂದು ಆರಿಸಿದ ಮೇಲೆ ಫೇಸ್‌ಬುಕ್ ಲಾಗಿನ್ ಕೇಳುತ್ತದೆ. ಅಲ್ಲಿ ತುಂಬಿದ ಪಾಸ್‌ವರ್ಡ್ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಕಳ್ಳ ಮೊದಲು ಆಟವನ್ನು ಮುಟ್ಟುವುದೇ ಇಲ್ಲ. ಆಟಕ್ಕೆ ಬೈಂಡ್ ಆಗಿರುವ ಫೇಸ್‌ಬುಕ್ ಅಥವಾ ಗೂಗಲ್ ಖಾತೆಯ ಇಮೇಲ್ ಬದಲಿಸುತ್ತಾನೆ, ಮೊಬೈಲ್ ಸಂಖ್ಯೆ ಬದಲಿಸುತ್ತಾನೆ, ಉಳಿದ ಫೋನ್‌ಗಳನ್ನು ಲಾಗ್‌ಔಟ್ ಮಾಡಿಸುತ್ತಾನೆ. ಕಂಪ್ಯೂಟರಿನಲ್ಲಿ ಆಡುವವರ ವಿಷಯದಲ್ಲಿ ಪಾಸ್‌ವರ್ಡೂ ಬೇಕಿಲ್ಲ. ಚೀಟ್ ಅಥವಾ ಮಾಡ್ ಎಂದು ಇಳಿಸಿಕೊಂಡ ಫೈಲಿನಲ್ಲಿ ಅಡಗಿರುವ ತಂತ್ರಾಂಶ ಬ್ರೌಸರಿನ ಕುಕಿಯನ್ನು ಕದ್ದರೆ, ಒಟಿಪಿಯ ಬಾಗಿಲನ್ನೂ ದಾಟಿದಂತೆಯೇ.

ಮುಂದೇನಾಗುತ್ತದೆ ಎಂಬುದು ಆಟದ ರಚನೆಯ ಮೇಲೆ ನಿಂತಿದೆ. ಸ್ಟೀಮ್ ವೇದಿಕೆಯ ಕೌಂಟರ್ ಸ್ಟ್ರೈಕ್‌ನಂಥ ಆಟಗಳಲ್ಲಿ ಸ್ಕಿನ್‌ಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬಹುದು, ಮಾರಬಹುದು. ಅಲ್ಲಿ ಕಳ್ಳ ಖಾತೆಯನ್ನು ಬರಿದು ಮಾಡಿ, ಸರಕನ್ನು ನಾಲ್ಕಾರು ಕೈ ದಾಟಿಸಿ, ಖಾಲಿ ಖಾತೆಯನ್ನು ಬಿಟ್ಟುಹೋಗುತ್ತಾನೆ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ಗಳಲ್ಲಿ ಹಾಗೆ ಮುಕ್ತವಾಗಿ ದಾಟಿಸುವ ಮಾರುಕಟ್ಟೆ ಇಲ್ಲ. ಅಲ್ಲಿ ಮಾರಾಟವಾಗುವುದು ಇಡೀ ಐಡಿ. ಈ ವ್ಯತ್ಯಾಸದ ಮೇಲೆಯೇ ಮುಂದಿನ ವಾದವೆಲ್ಲ ನಿಲ್ಲುವುದರಿಂದ ಇದನ್ನು ನೆನಪಿಡಬೇಕು. ಫೋನಿನಲ್ಲಿ ಆಡುವ ಇಂಥ ಆಟಗಳಲ್ಲಿ ಕದ್ದ ವಸ್ತು ಖಾತೆಯನ್ನು ಬಿಟ್ಟು ಎಲ್ಲಿಗೂ ಹೋಗಿರುವುದಿಲ್ಲ.

ಮರಳಿಕೆಯ ಕೆಲಸ ಹಿಂದಿನಿಂದ ಮುಂದಕ್ಕೆ ನಡೆಯಬೇಕು: ಮೊದಲು ಇಮೇಲ್, ಆಮೇಲೆ ಫೇಸ್‌ಬುಕ್ ಅಥವಾ ಗೂಗಲ್, ಕೊನೆಗೆ ಆಟ. ಅವಸರದಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಆಟದ ಕಂಪನಿಗೆ ಹತ್ತು ದೂರು ಬರೆದು, ಅದರ ಉತ್ತರ ಕಳ್ಳನ ಕೈಲಿರುವ ಇಮೇಲಿಗೆ ಹೋಗುವಂತೆ ಮಾಡಿಕೊಳ್ಳುತ್ತಾರೆ. ಗೂಗಲ್ ಖಾತೆಯ ರಿಕವರಿ ಸಂಖ್ಯೆ ಅಥವಾ ಇಮೇಲ್ ಬದಲಾಗಿದ್ದರೂ, ಬದಲಾದ ಏಳು ದಿನಗಳವರೆಗೆ ಹಳೆಯದಕ್ಕೇ ಕೋಡ್ ತರಿಸಿಕೊಳ್ಳುವ ಅವಕಾಶವನ್ನು ಗೂಗಲ್ ಇಟ್ಟಿದೆ. ಆ ಏಳು ದಿನ ಕಳೆದರೆ ಕೆಲಸ ಹಲವು ಪಟ್ಟು ಕಠಿಣ. ಫೇಸ್‌ಬುಕ್ಕಿನಲ್ಲಿ ಇಮೇಲ್ ಬದಲಾದಾಗ ಹಳೆಯ ವಿಳಾಸಕ್ಕೆ ಸೂಚನೆ ಬರುತ್ತದೆ; ‘ಇದು ನಾನಲ್ಲ’ ಎನ್ನುವ ಕೊಂಡಿ ಅದರಲ್ಲೇ ಇರುತ್ತದೆ. ಪ್ರಿಪೇಯ್ಡ್ ಸಿಮ್ ಬಳಸುವವರಿಗೆ ಇನ್ನೊಂದು ಅಪಾಯವಿದೆ. ರೀಚಾರ್ಜ್ ಇಲ್ಲದೆ ಬಂದ್ ಆದ ಸಂಖ್ಯೆಯನ್ನು 90 ದಿನಗಳ ನಂತರ ಮತ್ತೊಬ್ಬರಿಗೆ ಹಂಚಬಹುದು. ಹಾಗೆ ಕೈಬಿಟ್ಟ ಸಂಖ್ಯೆಗೇ ಐಡಿ ಬೈಂಡ್ ಆಗಿದ್ದರೆ ಒಟಿಪಿ ಅಪರಿಚಿತನ ಫೋನಿಗೆ ಹೋಗುತ್ತದೆ, ಅಲ್ಲಿ ಕಳ್ಳತನವೆಂಬುದೇ ನಡೆದಿರುವುದಿಲ್ಲ.

ಐಡಿ ತನ್ನದೆಂದು ತೋರಿಸಲು ಬೇಕಾಗುವ ಪುರಾವೆಗಳು ಸಾಮಾನ್ಯವಾದವು, ಆದರೆ ಯಾರೂ ಎತ್ತಿಡದಂಥವು. ಆಟದೊಳಗಿನ ಅಂಕಿಯ ಯುಐಡಿ, ಖಾತೆ ತೆರೆದ ತಿಂಗಳು, ಮೊದಲು ಆಡಿದ ಫೋನಿನ ಮಾಡೆಲ್, ಟಾಪ್‌ಅಪ್ ಮಾಡಿದಾಗ ಗೂಗಲ್ ಪ್ಲೇ ಕಳಿಸಿದ, ‘ಜಿಪಿಎ’ ಅಕ್ಷರಗಳಿಂದ ಶುರುವಾಗುವ ಆರ್ಡರ್ ಸಂಖ್ಯೆ, ಯುಪಿಐ ಪಾವತಿಯ ಹನ್ನೆರಡಂಕಿ ಸಂಖ್ಯೆ. ಇವುಗಳಲ್ಲಿ ಹಣ ಪಾವತಿಯ ದಾಖಲೆಗೆ ತೂಕ ಹೆಚ್ಚು, ಏಕೆಂದರೆ ಅದು ಬ್ಯಾಂಕಿನ ಮೂಲಕ ಒಬ್ಬ ನಿಜ ವ್ಯಕ್ತಿಗೆ ಕೊಂಡಿ ಹಾಕುತ್ತದೆ. ಅಂಗಡಿಯವನಿಗೆ ನಗದು ಕೊಟ್ಟು ಅವನ ಫೋನಿನಿಂದ ಟಾಪ್‌ಅಪ್ ಹಾಕಿಸಿದವರ ಹೆಸರಿನಲ್ಲಿ ಆ ದಾಖಲೆ ಇರುವುದಿಲ್ಲ. ಕಂಪನಿಯ ಬಳಿ ಇರುವ ಪುರಾವೆಗೂ ಆಯುಷ್ಯವಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವಾ ಸಂಸ್ಥೆಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾದಿರಿಸಬೇಕು. ಆ ಅವಧಿ ಮುಗಿದ ಮೇಲೆ ಯಾವ ಊರಿನಿಂದ, ಯಾವ ಸಾಧನದಿಂದ ಲಾಗಿನ್ ಆಯಿತೆಂದು ಕೇಳಿದರೆ ಉತ್ತರ ಸಿಗುವ ಖಾತ್ರಿ ಇಲ್ಲ.

ಇಷ್ಟೆಲ್ಲ ಮಾಡಿ ಖಾತೆ ಮರಳಿದ ಮೇಲೆ ಎರಡನೆಯ ಹಂತ ಬರುತ್ತದೆ. ಬಳಸಿಬಿಟ್ಟ ಯೂಸಿ, ದಾಟಿಹೋದ ಸ್ಕಿನ್ ಎಲ್ಲಿ? ಇಲ್ಲಿ ಕಂಪನಿಗಳು ಒಪ್ಪಂದದ ಕಡೆ ಬೊಟ್ಟು ಮಾಡುತ್ತವೆ. ವಸ್ತುಗಳು ನಿಮ್ಮವಲ್ಲ, ಬಳಸಲು ಕೊಟ್ಟ ಪರವಾನಗಿ ಮಾತ್ರ ಎಂಬುದು ಬಹುತೇಕ ಎಲ್ಲ ಆಟಗಳ ಷರತ್ತಿನಲ್ಲಿದೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಇತಿಹಾಸ ಈ ನಿಲುವನ್ನು ಪರೀಕ್ಷಿಸಲು ನೆರವಾಗುತ್ತದೆ. ತಿಂಗಳಿಗೆ ಸುಮಾರು 77,000 ಖಾತೆಗಳು ಕಳ್ಳರ ವಶವಾಗುತ್ತಿವೆ ಎಂದು ವಾಲ್ವ್ 2015ರ ಡಿಸೆಂಬರಿನಲ್ಲಿ ತಾನೇ ಹೇಳಿಕೊಂಡಿತು. ಅದಕ್ಕೂ ಮೊದಲು ಕಳೆದುಕೊಂಡವರಿಗೆ ಅದೇ ವಸ್ತುವಿನ ಇನ್ನೊಂದು ಪ್ರತಿಯನ್ನು ಸೃಷ್ಟಿಸಿಕೊಡುತ್ತಿತ್ತು. ಪ್ರತಿಗಳು ಹೆಚ್ಚಿದಂತೆ ಉಳಿದೆಲ್ಲರ ವಸ್ತುಗಳ ಬೆಲೆ ಇಳಿಯುತ್ತದೆ ಎಂಬ ಕಾರಣದಿಂದ ಆ ಪದ್ಧತಿಯನ್ನು ಕೈಬಿಟ್ಟು, ಮೊಬೈಲ್ ದೃಢೀಕರಣ ಇಲ್ಲದವರ ವ್ಯವಹಾರವನ್ನು ಕೆಲವು ದಿನ ತಡೆಹಿಡಿಯುವ ಕ್ರಮ ತಂದಿತು. ಮುಂದಿನ ಹತ್ತು ವರ್ಷ, ಹೋದದ್ದು ಹೋಯಿತು ಎಂಬುದೇ ನಿಯಮವಾಗಿತ್ತು. 2025ರ ಜುಲೈನಲ್ಲಿ ಅದೇ ಕಂಪನಿ ಕೌಂಟರ್ ಸ್ಟ್ರೈಕ್ 2ಕ್ಕೆ ಹೊಸ ವ್ಯವಸ್ಥೆ ಕೊಟ್ಟಿತು. ದಾಟಿಬಂದ ವಸ್ತುವನ್ನು ಏಳು ದಿನ ಇನ್ನೊಬ್ಬರಿಗೆ ದಾಟಿಸುವಂತಿಲ್ಲ; ಅಷ್ಟರೊಳಗೆ ಕಳೆದುಕೊಂಡವರು ಆ ಏಳು ದಿನಗಳ ಎಲ್ಲ ವ್ಯವಹಾರಗಳನ್ನೂ ಹಿಂತಿರುಗಿಸಬಹುದು; ಹಾಗೆ ಮಾಡಿದವರ ಖಾತೆಗೆ 30 ದಿನ ವ್ಯಾಪಾರ ನಿರ್ಬಂಧ. ಹೊಸ ಪ್ರತಿ ಇಲ್ಲಿ ಹುಟ್ಟುವುದಿಲ್ಲ, ಹಳೆಯದೇ ಮನೆಗೆ ಬರುತ್ತದೆ. ದಶಕದ ಕಾಲ ಆಗದ ಕೆಲಸವೆಂದು ತಳ್ಳಿಹಾಕಿದ್ದು ಒಂದು ಅಪ್‌ಡೇಟಿನಲ್ಲಿ ಆಯಿತು.

ಪರವಾನಗಿಯ ವಾದಕ್ಕೆ ನ್ಯಾಯಾಲಯಗಳು ಕೊಟ್ಟ ಉತ್ತರಗಳಲ್ಲಿ ನೆದರ್‌ಲೆಂಡ್ಸ್‌ನ ಸರ್ವೋಚ್ಚ ನ್ಯಾಯಾಲಯದ್ದು ಎಲ್ಲಕ್ಕಿಂತ ಹರಿತ. ಲೀವಾರ್ಡನ್ ನಗರದಲ್ಲಿ 2007ರಲ್ಲಿ ಇಬ್ಬರು ಹುಡುಗರು 13 ವರ್ಷದವನೊಬ್ಬನನ್ನು ಹೊಡೆದು, ಚಾಕು ತೋರಿಸಿ, ರೂನ್‌ಸ್ಕೇಪ್ ಆಟದ ಒಂದು ತಾಯಿತ ಮತ್ತು ಒಂದು ಮುಖವಾಡವನ್ನು ತಮ್ಮ ಖಾತೆಗೆ ದಾಟಿಸಿಕೊಂಡರು. ಅವು ಬರೀ ಅಂಕಿಗಳು, ಮೇಲಾಗಿ ಕಂಪನಿಯ ಸ್ವತ್ತು ಎಂದು ಆರೋಪಿಯ ಪರ ವಾದವಾಯಿತು. 2012ರ ಜನವರಿ 31ರ ತೀರ್ಪು ಅದನ್ನು ಒಪ್ಪಲಿಲ್ಲ. ಹುಡುಗ ಸಮಯ ಮತ್ತು ಶ್ರಮ ಹಾಕಿ ಗಳಿಸಿದ್ದ, ಅವನ ವಶದಲ್ಲೇ ಇದ್ದ, ಅವನಿಗೆ ಬೆಲೆಯುಳ್ಳ ವಸ್ತು ಅವನ ಕೈಯಿಂದ ಹೋಯಿತು. ಕಳವಿಗೆ ಅಷ್ಟು ಸಾಕು. ಶಿಕ್ಷೆ 144 ಗಂಟೆಗಳ ಸಮುದಾಯ ಸೇವೆ. ಅದಕ್ಕೂ ಮೊದಲೇ, 2003ರ ಡಿಸೆಂಬರಿನಲ್ಲಿ, ಬೀಜಿಂಗ್‌ನ ಚಾವ್‌ಯಾಂಗ್ ಜಿಲ್ಲಾ ನ್ಯಾಯಾಲಯ ‘ಹಾಂಗ್ ಯುವೆ’ ಆಟದ ಒಬ್ಬ ಆಟಗಾರನ ಕಳುವಾದ ಆಯುಧಗಳನ್ನು ಮರಳಿಸುವಂತೆ ಕಂಪನಿಗೇ ಆದೇಶಿಸಿತ್ತು.

ಭಾರತದ ಕಾನೂನು ಈ ತರ್ಕಕ್ಕೆ ಹತ್ತಿರದಲ್ಲೇ ಇದೆ. ನಮ್ಮಲ್ಲಿ ಕಳವು ಎಂದರೆ ಚರ ಸ್ವತ್ತನ್ನು ಒಬ್ಬರ ಸ್ವಾಧೀನದಿಂದ ಒಪ್ಪಿಗೆಯಿಲ್ಲದೆ ತೆಗೆಯುವುದು. ಒಡೆತನದ ಪ್ರಶ್ನೆ ಆಮೇಲಿನದು. ತನ್ನದೇ ಗಡಿಯಾರವನ್ನು ಅಡವಿಟ್ಟವನು ಸಾಲ ತೀರಿಸದೆ ಅದನ್ನು ಕದ್ದೊಯ್ದರೆ ಅವನೂ ಕಳ್ಳನೇ ಎಂಬ ದೃಷ್ಟಾಂತ ಮೆಕಾಲೆಯ ಕಾಲದ ದಂಡ ಸಂಹಿತೆಯಿಂದ ಇಂದಿನ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನವರೆಗೂ ಬಂದಿದೆ. ಹೀಗಿರುವಾಗ ಸ್ಕಿನ್ ಕಂಪನಿಯ ಸ್ವತ್ತೆಂದೇ ಒಪ್ಪಿಕೊಂಡರೂ, ಅದು ಆಟಗಾರನ ಸ್ವಾಧೀನದಿಂದ ಹೋದದ್ದು ಕಳವಾಗಲು ಅಡ್ಡಿಯಿಲ್ಲ. ಹಳೆಯ ಸಂಹಿತೆಯಲ್ಲಿ ಒಂದು ತೊಡಕಿತ್ತು: ಚರ ಸ್ವತ್ತು ಮೂರ್ತರೂಪದ್ದಾಗಿರಬೇಕು ಎಂದು ಅದರ 22ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆ ಆ ವಿಶೇಷಣವನ್ನು ಕಿತ್ತುಹಾಕಿ, ಭೂಮಿ ಮತ್ತು ಅದಕ್ಕೆ ಅಂಟಿದ್ದನ್ನು ಬಿಟ್ಟು ‘ಎಲ್ಲ ಬಗೆಯ ಸ್ವತ್ತು’ ಎಂದಿದೆ. ಸಂಸತ್ತಿನ ಮನಸ್ಸಿನಲ್ಲಿ ಬಂದೂಕಿನ ಸ್ಕಿನ್‌ಗಳಿದ್ದವೆಂದು ಯಾರೂ ಹೇಳಲಾರರು, ಆದರೆ ಬಾಗಿಲು ತೆರೆದಿರುವುದಂತೂ ನಿಜ. 2025ರ ಅಕ್ಟೋಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊಕರೆನ್ಸಿಯನ್ನು ಸ್ವತ್ತೆಂದು ಹೇಳಿದ್ದು ಇದೇ ದಿಕ್ಕಿನ ಹೆಜ್ಜೆ.

ಕಂಪನಿಗಳ ನಿಲುವಿನಲ್ಲಿರುವ ಇಬ್ಬಂದಿತನ ಕಾಣಬೇಕಾದರೆ ಅವೇ ಕಳವಿಗೆ ಗುರಿಯಾದ ಪ್ರಕರಣಗಳನ್ನು ನೋಡಬೇಕು. ಜಿಂಗಾ ಕಂಪನಿಯ ಪೋಕರ್ ಆಟದಿಂದ 40,000 ಕೋಟಿ ವರ್ಚುವಲ್ ಚಿಪ್‌ಗಳನ್ನು ಕದ್ದವನಿಗೆ ಇಂಗ್ಲೆಂಡಿನ ಎಕ್ಸೆಟರ್ ನ್ಯಾಯಾಲಯ 2011ರಲ್ಲಿ ಎರಡು ವರ್ಷ ಸಜೆ ಕೊಟ್ಟಿತು. ಎಷ್ಟು ಬೇಕಾದರೂ ಪುಕ್ಕಟೆ ಸೃಷ್ಟಿಸಿಕೊಳ್ಳಬಹುದಾದ ಚಿಪ್‌ಗಳು ಅಲ್ಲಿ ಸ್ವತ್ತೆನಿಸಿದವು. ಬೆಂಗಳೂರಿನಲ್ಲಿ 2020ರ ನವೆಂಬರಿನಲ್ಲಿ ಸಿಸಿಬಿ ಬಂಧಿಸಿದ ಯುವಕನ ಮೇಲಿನ ಆರೋಪಗಳಲ್ಲಿ ಆನ್‌ಲೈನ್ ಪೋಕರ್ ತಾಣಗಳಿಗೆ ಕನ್ನ ಹಾಕಿದ್ದೂ ಒಂದು. ಬಿಟ್‌ಕಾಯಿನ್ ಹಗರಣವೆಂದು ಹೆಸರಾದ ಆ ಪ್ರಕರಣಕ್ಕಾಗಿ 2023ರಲ್ಲಿ ವಿಶೇಷ ತನಿಖಾ ತಂಡವೇ ರಚನೆಯಾಯಿತು. ಸರ್ವರ್ ಕಂಪನಿಯದಾದರೆ ಕಳವು, ಖಾತೆ ಆಟಗಾರನದಾದರೆ ಪರವಾನಗಿಯ ತಕರಾರು ಎಂಬ ಭೇದಕ್ಕೆ ಕಾನೂನಿನಲ್ಲಿ ಆಧಾರ ಕಾಣುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ, ಹಣದ ಆಟಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಣ ಕೊಟ್ಟು ಕೊಂಡ ನಾಣ್ಯ, ಟೋಕನ್, ವಸ್ತುಗಳನ್ನು, ಅವು ವರ್ಚುವಲ್ ಆಗಿದ್ದರೂ, ‘ಪಣ’ವೆಂದು ಗಣಿಸುತ್ತದೆ. ನಿಷೇಧಿಸುವಾಗ ಬೆಲೆಯುಳ್ಳದ್ದು, ಕಳುವಾದಾಗ ಬೆಲೆಯಿಲ್ಲದ್ದು ಎನ್ನಲಾಗದು.

ಹಾಗಾದರೆ ಸಿಲ್ಲೋಡಿನಲ್ಲಿ ನಿಂತವರಿಗೆ ಏನು ಸಿಗುತ್ತದೆ? 1930 ಸಹಾಯವಾಣಿ ಬ್ಯಾಂಕಿನಿಂದ ಹೊರಟ ಹಣವನ್ನು ದಾರಿಯಲ್ಲೇ ತಡೆಯಲು ಮಾಡಿದ್ದು. ಕಳ್ಳ ಜೋಡಿಸಿದ್ದ ಕಾರ್ಡಿನಿಂದ ಟಾಪ್‌ಅಪ್ ಮಾಡಿದ್ದರೆ ಅದು ಕೆಲಸಕ್ಕೆ ಬರುತ್ತದೆ, ಸ್ಕಿನ್ ಹೋದರೆ ತಡೆಯಲು ಯಾವ ಬ್ಯಾಂಕೂ ಇಲ್ಲ. 2019ರಿಂದ ಇರುವ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಠಾಣೆಯಲ್ಲಿ ಕಳವಿನ ಕಲಮನ್ನಷ್ಟೇ ಹಿಡಿದರೆ ಒಂದು ಅಡಚಣೆಯಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿಗೆ, ಮೊದಲ ಸಲದ ಅಪರಾಧಿ ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನಷ್ಟೇ ವಿಧಿಸುತ್ತದೆ. ಆ ಮಟ್ಟದ ಪ್ರಕರಣದಲ್ಲಿ ಪೊಲೀಸರು ತಾವಾಗಿ ತನಿಖೆಗೆ ಇಳಿಯುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿಗೆ ಅಂಥ ಬೆಲೆಯ ಗೆರೆ ಇಲ್ಲ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ದೂರಿನಲ್ಲಿ ಮೊದಲು ಬರಬೇಕಾದ್ದು ಇದೇ ಕಲಮು. ಇದರ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಂದ ಆಗುವಂತಿಲ್ಲವಾದ್ದರಿಂದ ಸಣ್ಣ ಠಾಣೆಗಳಿಂದ ಕಡತ ಜಿಲ್ಲಾ ಕೇಂದ್ರದ ಕಡೆ ಸಾಗುವುದು ಸಹಜ. ಕರ್ನಾಟಕದಲ್ಲಿ ಆ ಜಾಗದಲ್ಲಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆ ಇದೆ.

ಪರಿಹಾರದ ಹಣ ಬೇಕೆಂದರೆ ಹಾದಿ ಇನ್ನೂ ಉದ್ದ. ಅದೇ ಕಾಯ್ದೆಯ 43 ಮತ್ತು 46ನೆಯ ಕಲಮುಗಳಂತೆ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯೇ ತೀರ್ಪುಗಾರ ಅಧಿಕಾರಿ. ಐದು ಕೋಟಿವರೆಗಿನ ದಾವೆ ಕೇಳಬಲ್ಲರು. ಈ ಅಧಿಕಾರ ಕಾಗದದ ಮೇಲಿನದಷ್ಟೇ ಅಲ್ಲ. ಪುಣೆಯ ಕಂಪನಿಯೊಂದರ ಖಾತೆಯಿಂದ ಹೋದ ಹಣಕ್ಕೆ 45 ಲಕ್ಷ ರೂಪಾಯಿ ಕೊಡುವಂತೆ 2013ರಲ್ಲಿ ಮಹಾರಾಷ್ಟ್ರದ ತೀರ್ಪುಗಾರರು ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ ಆದೇಶಿಸಿದ್ದರು. ಆದರೆ ಎರಡು ಸಾವಿರ ರೂಪಾಯಿಯ ಯೂಸಿಗಾಗಿ ಸಿಲ್ಲೋಡಿನಿಂದ ಮುಂಬೈಯ ಮಂತ್ರಾಲಯಕ್ಕೆ ಯಾರು ಓಡಾಡುತ್ತಾರೆ? ಗ್ರಾಹಕ ಕಾಯ್ದೆ ಈ ದೃಷ್ಟಿಯಲ್ಲಿ ಮೇಲು, ಏಕೆಂದರೆ 2019ರ ಕಾಯ್ದೆಯಲ್ಲಿ ದೂರುದಾರ ತನ್ನ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಪುಕ್ಕಟೆ ಸೇವೆ ಗ್ರಾಹಕ ಕಾಯ್ದೆಯ ಹೊರಗಿನದೆಂಬ ಆಕ್ಷೇಪ ಬಂದೇ ಬರುತ್ತದೆ. ಆಟ ಪುಕ್ಕಟೆ ಇರಬಹುದು, ಟಾಪ್‌ಅಪ್ ಪುಕ್ಕಟೆಯಲ್ಲ ಎಂಬುದು ಅದಕ್ಕೆ ಉತ್ತರ. ಷರತ್ತೇ ಅನ್ಯಾಯದ್ದೆಂದು ಪ್ರಶ್ನಿಸಬೇಕಾದರೆ ಮಾತ್ರ ಜಿಲ್ಲಾ ಆಯೋಗ ಸಾಲದು, ರಾಜ್ಯ ಆಯೋಗಕ್ಕೆ ಹೋಗಬೇಕು. ಎಲ್ಲಕ್ಕಿಂತ ಹತ್ತಿರದ್ದು, ಎಲ್ಲಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಕಂಪನಿಯ ಕುಂದುಕೊರತೆ ಅಧಿಕಾರಿಯ ದಾರಿ. 2021ರ ಐಟಿ ನಿಯಮಗಳಂತೆ ಆ ಅಧಿಕಾರಿ 24 ಗಂಟೆಯೊಳಗೆ ದೂರು ಸಿಕ್ಕಿದ್ದನ್ನು ತಿಳಿಸಿ 7 ದಿನದೊಳಗೆ (2026ರ ಫೆಬ್ರುವರಿಯವರೆಗೆ 15 ದಿನದೊಳಗೆ) ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ, 2023ರಿಂದ ಕೆಲಸ ಮಾಡುತ್ತಿರುವ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಆಟದೊಳಗಿನ ‘ಸಹಾಯ’ ಗುಂಡಿಯಲ್ಲಿ ಉತ್ತರಿಸುವ ಯಂತ್ರಕ್ಕೆ ಬರೆದ ದೂರನ್ನೇ ಸಾಕೆಂದುಕೊಳ್ಳದೆ, ಈ ಅಧಿಕಾರಿಯ ಇಮೇಲಿಗೇ ಬರೆಯಬೇಕು.

ಇತ್ಯರ್ಥಕ್ಕೆ ಗಡುವಿದೆ, ಇತ್ಯರ್ಥ ಹೇಗಿರಬೇಕೆಂಬ ಅಳತೆ ಇಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮೂರನೆಯವರ ಕೈವಾಡದಿಂದ ಹಣ ಹೋದದ್ದನ್ನು ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಹೊಣೆ ಸೊನ್ನೆ. ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು. ತಪ್ಪು ಗ್ರಾಹಕನದೆಂದು ರುಜುವಾತು ಮಾಡುವ ಹೊಣೆ ಬ್ಯಾಂಕಿನದು. ಆಟಕ್ಕೆ ಇದನ್ನು ಒಗ್ಗಿಸುವುದು ಕಷ್ಟವಲ್ಲ. ಸುಳ್ಳು ದೂರುಗಳ ಹೊಳೆ ಹರಿದೀತು, ಐಡಿಯನ್ನು ತಾನೇ ಮಾರಿ ಆಮೇಲೆ ‘ಹ್ಯಾಕ್ ಆಯ್ತು’ ಎನ್ನುವವರಿಗೆ ಇದು ಹಬ್ಬವಾದೀತು ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಅಂಥ ಮೋಸ ಇದೆ. ಆದರೆ ಬ್ಯಾಂಕುಗಳಿಗೂ ಅಂಥ ಗ್ರಾಹಕರಿದ್ದರು, ರಿಸರ್ವ್ ಬ್ಯಾಂಕ್ ಅದಕ್ಕಾಗಿ ನಿಯಮ ಕೈಬಿಡಲಿಲ್ಲ. ಲಾಗಿನ್‌ನ ಸಾಧನ, ವಿಳಾಸ, ಸಮಯಗಳೆಲ್ಲ ಕಂಪನಿಯ ಬಳಿಯೇ ಇರುವಾಗ ರುಜುವಾತಿನ ಹೊಣೆಯೂ ಅಲ್ಲೇ ಇರುವುದು ನ್ಯಾಯ. ಹಿಂತಿರುಗಿಸಿಕೊಂಡವರಿಗೆ ವಾಲ್ವ್ ಹಾಕುವ 30 ದಿನದ ನಿರ್ಬಂಧದಂಥ ಬೆಲೆಯೂ ಇರಲಿ. ಕೊಂಡ ಐಡಿಯಲ್ಲಿ ಆಡುವವರಿಗೆ ಈ ರಕ್ಷಣೆ ಬೇಕಿಲ್ಲ ಎಂಬುದು ಈ ಲೇಖನದ ನಿಲುವು. ಅವರಿಗೆ ಕೊಟ್ಟರೆ ಕದ್ದ ಐಡಿಗಳ ಸಂತೆಗೇ ಕಾವಲು ಹಾಕಿದಂತಾಗುತ್ತದೆ.

ಕದ್ದ ಸ್ಕಿನ್ನನ್ನು ತಿಳಿಯದೆ ಹಣ ಕೊಟ್ಟು ಕೊಂಡವರ ಕೈಯಿಂದ ಕಿತ್ತುಕೊಳ್ಳುವುದು ಅನ್ಯಾಯವಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಸರಕು ಮಾರಾಟ ಕಾಯ್ದೆ ಇದನ್ನು ಬಹಳ ಹಿಂದೆಯೇ ತೀರ್ಮಾನಿಸಿದೆ: ಮಾರುವವನಿಗಿಲ್ಲದ ಹಕ್ಕು ಕೊಳ್ಳುವವನಿಗೆ ಸಿಗದು. ಏಳು ದಿನದ ತಡೆ ಇದ್ದರೆ ಕೊಳ್ಳುವವರಿಗೂ ಅದು ಕಾಯುವ ಸರಕೆಂದು ಮೊದಲೇ ಗೊತ್ತಿರುತ್ತದೆ. ಪ್ರತಿಗಳು ಹೆಚ್ಚಿ ಬೆಲೆ ಕುಸಿಯುತ್ತದೆ ಎಂಬ ವಾಲ್ವ್‌ನ ಹಳೆಯ ವಾದವಂತೂ ವಸ್ತುಗಳು ಖಾತೆಯನ್ನೇ ಬಿಟ್ಟು ಹೋಗದ ಬಿಜಿಎಂಐಯಂಥ ಆಟಗಳಿಗೆ ತಟ್ಟುವುದೇ ಇಲ್ಲ. ಭಾರತದಲ್ಲಿ ಜನ ಹೆಚ್ಚಾಗಿ ಆಡುವುದು ಫೋನಿನಲ್ಲಿ. ಅಂದರೆ ಮರಳಿಸದಿರಲು ಕಾರಣ ಎಲ್ಲಿ ಅತಿ ದುರ್ಬಲವೋ, ಕಳೆದುಕೊಳ್ಳುವವರು ಅಲ್ಲೇ ಹೆಚ್ಚು.

ಸರ್ಕಾರವೇ ಒಂದು ಆದೇಶದಿಂದ ಇಡೀ ಆಟವನ್ನು ತೆಗೆದುಹಾಕಬಲ್ಲದಾದರೆ ಇದೆಂಥ ಸ್ವತ್ತು ಎಂದೂ ಕೇಳಬಹುದು. ಪಬ್ಜಿ ಮೊಬೈಲ್‌ಗೆ 2020ರ ಸೆಪ್ಟೆಂಬರ್ 2ರಂದು, ಫ್ರೀ ಫೈರ್‌ಗೆ 2022ರ ಫೆಬ್ರುವರಿಯಲ್ಲಿ ನಿಷೇಧ ಬಿತ್ತು. ಬಿಜಿಎಂಐ 2022ರ ಜುಲೈಯಿಂದ 2023ರ ಮೇವರೆಗೆ ಆ್ಯಪ್ ಅಂಗಡಿಯಲ್ಲೇ ಇರಲಿಲ್ಲ. ಒಂದು ಅರ್ಥದಲ್ಲಿ ಕಳ್ಳರಿಗಿಂತ ಆದೇಶಗಳೇ ಹೆಚ್ಚು ಖಾತೆಗಳನ್ನು ಬರಿದು ಮಾಡಿವೆ. ಆದರೂ ಆಟಗಾರ ಕೇಳುತ್ತಿರುವುದು ಕಳ್ಳನ ಎದುರು ರಕ್ಷಣೆ, ಪ್ರಭುತ್ವದ ಎದುರು ಶಾಶ್ವತ ಒಡೆತನವಲ್ಲ. 2021ರ ಜುಲೈನಲ್ಲಿ ಪಬ್ಜಿಯ ಭಾರತೀಯ ರೂಪವಾಗಿ ಬಿಜಿಎಂಐ ಬಂದಾಗ ಪಬ್ಜಿಯ ಹಳೆಯ ಖಾತೆಯ ಸರಕನ್ನು ಹೊಸದಕ್ಕೆ ಸಾಗಿಸಿಕೊಳ್ಳಲು ಬಿಡಲಾಯಿತು. ಯಾವ ಖಾತೆಯಲ್ಲಿ ಏನಿತ್ತು ಎಂಬ ಲೆಕ್ಕ ತಿಂಗಳುಗಟ್ಟಲೆ ಜೋಪಾನವಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇದೆಲ್ಲ ಮಕ್ಕಳಾಟದ ರಗಳೆ ಎನ್ನುವವರು ಒಂದು ಮಾತನ್ನು ತಮಗರಿವಿಲ್ಲದೆ ಸರಿಯಾಗಿಯೇ ಹೇಳುತ್ತಾರೆ: ಕಳೆದುಕೊಳ್ಳುವವರಲ್ಲಿ ಅನೇಕರು ಮಕ್ಕಳು. ಭಾರತೀಯ ಕರಾರು ಕಾಯ್ದೆಯ 11ನೆಯ ಕಲಮಿನಂತೆ 18 ತುಂಬದವರು ಕರಾರು ಮಾಡಲು ಅರ್ಹರಲ್ಲ. 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹರಿ ಬೀಬಿ ಪ್ರಕರಣದಲ್ಲಿ ಅಂಥ ಕರಾರು ಮೊದಲಿನಿಂದಲೇ ಶೂನ್ಯ ಎಂದಿತು. ಪರವಾನಗಿಯ ಷರತ್ತಿಗೆ ‘ಒಪ್ಪಿದೆ’ ಎಂದು ಒತ್ತಿದ್ದು ಹದಿನಾಲ್ಕರ ಹುಡುಗನಾದರೆ, ಕಂಪನಿ ಆಸರೆಯಾಗಿ ಹಿಡಿಯುವ ಆ ಷರತ್ತೇ ಅಲುಗಾಡುತ್ತದೆ. ಆದರೆ ಟಾಪ್‌ಅಪ್‌ನ ಹಣ ಹೋಗಿರುವುದು ಅಪ್ಪನ ಯುಪಿಐಯಿಂದ, ಸಿಮ್ ಇರುವುದು ಅಮ್ಮನ ಹೆಸರಿನಲ್ಲಿ. ದೂರು ಬರೆಯಬೇಕಾದವರು ಅವರೇ, ಜಿಪಿಎ ಸಂಖ್ಯೆ ಹುಡುಕಬೇಕಾದದ್ದು ಅವರ ಇಮೇಲಿನಲ್ಲೇ. ಕಂಪನಿಯ ನಿಯಮಗಳು ಬಳಕೆದಾರರಿಗೆ ಬೇಕಾದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಸಿಗಬೇಕೆಂದು ಐಟಿ ನಿಯಮಗಳ 2022ರ ಅಕ್ಟೋಬರಿನ ತಿದ್ದುಪಡಿ ಹೇಳುತ್ತದೆ. ಸಿಲ್ಲೋಡಿನವರು ಮರಾಠಿಯಲ್ಲಿ, ಸೇಡಂನವರು ಕನ್ನಡದಲ್ಲಿ ಅದನ್ನು ಕೇಳಿ ಪಡೆಯಬಹುದು.